ಒಂದು ಬಟ್ಟಲು ಗಂಜಿ

ನಮ್ಮ ಕಡೆ ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ ಮೊದಲು ಏನು ನಡೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಪುತ್ತೂರು ಪೇಟೆಯ ಮನೆಯಾಗಲಿ, ಸುಳ್ಯದ ಅಡಿಕೆ ತೋಟದ ಮನೆಯಾಗಲಿ, ಕಡಬದ ರಬ್ಬರ್ ಮರಗಳ ನಡುವಿನ ಮನೆಯಾಗಲಿ, ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಬೇಯುತ್ತದೆ. ಒಂದಿಷ್ಟು ಉಪ್ಪು, ಬಾಯಿ ಕೆಟ್ಟಿದ್ದರೆ ಒಂದು ಮಿಡಿ ಉಪ್ಪಿನಕಾಯಿ. ರೋಗಿ ಎದ್ದು ಓಡಾಡುವಂತಾದ ಮೇಲೆ ಮದ್ದು ಕೊಟ್ಟ ಡಾಕ್ಟರರನ್ನು ನಾಲ್ಕು ಮಂದಿಯ ಮುಂದೆ ಹೊಗಳುತ್ತಾನೆ. ಗಂಜಿ ಬೇಯಿಸಿ ತಂದವರ ಮಾತು ಬರುವುದೇ ಇಲ್ಲ. ಬೇಯಿಸಿದವರಿಗೂ ಅದು ನೆನಪಿರುವುದಿಲ್ಲ, ಅದೇನು ದೊಡ್ಡ ಕೆಲಸವೇ?

ಇಂದು ನಾನು ನಿಮಗೆ ಹೇಳಹೊರಟಿರುವುದು ಸಂತ ಜೋಸೆಫ್ ವಾಜರ ಜೀವನವನ್ನು. ಮುಡಿಪುವಿಗೆ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ಬೆಟ್ಟದ ಮೇಲಿನ ಆ ಪುಣ್ಯಕ್ಷೇತ್ರದಲ್ಲಿ ಮಕ್ಕಳ ಪರೀಕ್ಷೆಗೋ ಮಗಳ ಮದುವೆಗೋ ಹರಕೆ ಹೊತ್ತಿರುತ್ತೀರಿ. ಅಲ್ಲಿನ ಪವಾಡದ ಕಥೆ ನಿಮಗೆ ಬಾಯಿಪಾಠವೇ ಇದ್ದೀತು. ಆದರೆ ಈ ಸಂತರ ಜೀವನ ಒಂದು ಸಮಯದಲ್ಲಿ ನಿಂತದ್ದು ಪವಾಡದ ಮೇಲಲ್ಲ, ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯ ಮೇಲೆ. ಆ ಕಡೆಗೆ ಬರುವ ಮೊದಲು ಅವರ ಹುಟ್ಟಿನಿಂದ ಶುರುಮಾಡೋಣ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯಾ ಮಿರಾಂದ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಮನೆಮಾತು ಕೊಂಕಣಿ. ಸಾಂಕ್ವಾಳದಲ್ಲಿ ಪೋರ್ಚುಗೀಸ್, ಬೆನಾವ್ಲಿಯಲ್ಲಿ ಲತೀನ್ ಕಲಿತು, ಹಳೆ ಗೋವೆಯಲ್ಲಿ ಯೇಸುಸಭೆಯವರ ಮತ್ತು ದೊಮಿನಿಕನ್ ಗುರುಗಳ ವಿದ್ಯಾಲಯಗಳಲ್ಲಿ ಓದಿ, 1676ರಲ್ಲಿ ಗುರುಪಟ್ಟ ಪಡೆದರು. ಪಟ್ಟವಾದಂದಿನಿಂದ ಬಡವರ ಹಾಗೆ ಬರಿಗಾಲಲ್ಲೇ ನಡೆದರು. 1677ರ ಆಗಸ್ಟ್ 5ರಂದು ತಾನು ಮಾತೆ ಮರಿಯಮ್ಮನ ದಾಸ ಎಂದು ಒಂದು ಪತ್ರ ಬರೆದು ಸಹಿ ಮಾಡಿದರು. ಆ ಕಾಲದಲ್ಲಿ ದಾಸನೆಂದರೆ ಮಾರುವ ಕೊಳ್ಳುವ ಆಳು. ಉತ್ತಮ ಕುಲದ ಮನೆಯಲ್ಲಿ ಹುಟ್ಟಿದ ಒಬ್ಬ ಗುರು ತನ್ನನ್ನು ಹಾಗೆ ಕರೆದುಕೊಳ್ಳುವುದು ಹಗುರವಾದ ಮಾತಾಗಿರಲಿಲ್ಲ.

ಅದೇ ದಿನಗಳಲ್ಲಿ ಅವರ ಮನಸ್ಸನ್ನು ಹಿಡಿದದ್ದು ಸಿಲೋನಿನ ಸುದ್ದಿ. ಇಂದಿನ ಶ್ರೀಲಂಕೆ. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನವನ್ನೂ ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡಿದ್ದರು. ಅವರು ಕಲ್ವಿನನ ಪಂಥದವರು, ಕಥೋಲಿಕ ಗುರುಗಳನ್ನೆಲ್ಲ ಓಡಿಸಿದರು. ಗುರುಗಳಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದರು. ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಸಾಯುವವರಿಗೆ ಅಭ್ಯಂಗ ಇಲ್ಲ. ಹೀಗೆ ಸುಮಾರು ಮೂವತ್ತು ವರ್ಷ ಅಲ್ಲಿನ ವಿಶ್ವಾಸಿಗಳು ಗುರುಗಳ ಮುಖವನ್ನೇ ಕಾಣದೆ ಕಳೆದರು. ವಾಜರು ಅಲ್ಲಿಗೆ ಹೋಗುತ್ತೇನೆಂದು ಕೇಳಿಕೊಂಡರು. ಮೇಲಿನವರು ಅವರನ್ನು ಕಳುಹಿಸಿದ್ದು ಸಿಲೋನಿಗಲ್ಲ, ನಮ್ಮ ಕೆನರಾಕ್ಕೆ.

1681ರಲ್ಲಿ ಅವರು ಇಲ್ಲಿಗೆ ಬಂದಾಗ ಕೆಳದಿಯ ರಾಣಿ ಚೆನ್ನಮ್ಮ ಆಳುತ್ತಿದ್ದಳು. ಮಂಗಳೂರಿನಲ್ಲಿ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಆಕೆ ಕೊಟ್ಟ ಜಾಗದಲ್ಲಿ 1680ರಲ್ಲಿ ಮಿಲಾಗ್ರಿಸ್ ಚರ್ಚನ್ನು ಕಟ್ಟಿಸಿದ್ದರು. ಆದರೆ ಚರ್ಚಿನ ಒಳಗೆ ದೊಡ್ಡ ಜಗಳವಿತ್ತು. ದೆ ಕಾಸ್ತ್ರೊ ಅವರನ್ನು ಕಳುಹಿಸಿದ್ದು ರೋಮ್. ಗೋವೆಯವರು ಇಲ್ಲಿನ ಅಧಿಕಾರ ತಮ್ಮದೆನ್ನುತ್ತಿದ್ದರು. ಆ ಗುರುಗಳ ಪೂಜೆ ಪೂಜೆಯಲ್ಲ, ಈ ಗುರುಗಳ ಪಾಪನಿವೇದನೆ ನಡೆಯದು ಎಂಬಂತಹ ಮಾತುಗಳು ಹರಡಿ, ಪಾಪ, ಜನರಿಗೆ ಯಾರ ಬಳಿಗೆ ಹೋಗಬೇಕೆಂದೇ ತಿಳಿಯದಾಗಿತ್ತು. ವಾಜರು ಗೋವೆಯ ಕಡೆಯಿಂದ ಬಂದವರು. ತಮ್ಮವರ ಪಕ್ಷ ಹಿಡಿದು ಪೀಠದಿಂದ ಎರಡು ಬಿರುಸು ಮಾತನಾಡಿದ್ದರೆ ಗೋವೆಯಲ್ಲಿ ಮೆಚ್ಚುಗೆ ಸಿಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಧರ್ಮಾಧ್ಯಕ್ಷರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದರು, ಜಗಳವನ್ನು ಆರಿಸಲು ನೋಡಿದರು. ಜಗಳ ಪೂರ್ತಿ ಮುಗಿಯಲಿಲ್ಲ ಎನ್ನುವುದೂ ನಿಜ.

ಇದನ್ನು ಓದುವಾಗ ನನಗೆ ನಮ್ಮ ಊರುಗಳ ನೆನಪಾಗುತ್ತದೆ. ಇಂದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಲತೀನ್, ಸೀರೋ ಮಲಬಾರ್, ಸೀರೋ ಮಲಂಕರ ಎಂದು ಮೂರು ಪದ್ಧತಿಯ ಧರ್ಮಕೇಂದ್ರಗಳಿವೆ. ಒಂದೇ ಬಸ್ಸಿನಲ್ಲಿ ಹೋಗುತ್ತೇವೆ, ಒಂದೇ ಸೊಸೈಟಿಯಲ್ಲಿ ಸಾಲ ತೆಗೆಯುತ್ತೇವೆ, ಸಾವಿಗೆ ಮದುವೆಗೆ ಕೂಡುತ್ತೇವೆ. ಆದರೂ ಅವರ ಚರ್ಚು, ಇವರ ಚರ್ಚು ಎಂದು ಅಂಗಳದಲ್ಲಿ ನಿಂತು ನಾವು ಆಡುವ ಹಗುರ ಮಾತುಗಳನ್ನು ಕೇಳಿಸಿಕೊಳ್ಳುತ್ತಾ ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ.

ಮೂರು ವರ್ಷ ವಾಜರು ಕುಂದಾಪುರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರು ಎಂದು ಕಾಲ್ನಡಿಗೆಯಲ್ಲೇ ತಿರುಗಿದರು. ರೋಗಿಗಳ ಮನೆಗೆ ಹೋದರು, ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು, ಜನರನ್ನು ಪ್ರಾರ್ಥನೆಯ ಸಂಘಗಳಲ್ಲಿ ಕೂಡಿಸಿದರು. ಆಗಿನದೇ ಮುಡಿಪುವಿನ ಪ್ರಸಂಗ. ಸಾಯುವ ರೋಗಿಯೊಬ್ಬನಿದ್ದಾನೆ, ಬಂದು ಸಂಸ್ಕಾರ ಕೊಡಬೇಕು ಎಂದು ಸುಳ್ಳು ಹೇಳಿ ಕೆಲವರು ರಾತ್ರಿ ಅವರನ್ನು ಬೆಟ್ಟಕ್ಕೆ ಕರೆದೊಯ್ದರೆಂದೂ, ಕೊಲ್ಲಲು ಮುಂದಾದಾಗ ಅವರು ಮೊಣಕಾಲೂರಿ ಪ್ರಾರ್ಥಿಸಿ ಕೋಲನ್ನು ಊರಿದಲ್ಲಿ ಬೆಳಕು ಹೊಳೆದು ನೀರಿನ ಬುಗ್ಗೆಗಳು ಚಿಮ್ಮಿದವೆಂದೂ, ಬಂದವರು ಹೆದರಿ ಓಡಿದರೆಂದೂ ನಮ್ಮ ಹಿರಿಯರಿಂದ ಬಂದ ಪರಂಪರೆ. ಬುಗ್ಗೆಯ ವಿಷಯ ಎಲ್ಲರೂ ಹೇಳುತ್ತಾರೆ. ನನಗೆ ಇನ್ನೊಂದು ಮಾತು ದೊಡ್ಡದಾಗಿ ಕಾಣುತ್ತದೆ. ಈ ಗುರುವನ್ನು ಹೊರಗೆಳೆಯಲು ಬೇರೆ ಆಮಿಷ ಬೇಕಿರಲಿಲ್ಲ, ರೋಗಿ ಕರೆಯುತ್ತಿದ್ದಾನೆ ಎಂದರೆ ಸಾಕು, ಎಷ್ಟು ರಾತ್ರಿಯಾದರೂ ಎದ್ದು ಬರುತ್ತಾರೆ ಎಂಬುದು ವೈರಿಗಳಿಗೂ ಗೊತ್ತಿತ್ತು.

1684ರಲ್ಲಿ ಅವರು ಗೋವೆಗೆ ಮರಳಿದರು. ಮರುವರ್ಷ ಅಲ್ಲಿನ ದೇಶೀಯ ಗುರುಗಳ ಒಂದು ಸಣ್ಣ ಗುಂಪನ್ನು ಸೇರಿ, ಅದು ಒರಟೊರಿಯನ್ ಸಭೆಯಾಗಿ ಬೆಳೆಯುವಂತೆ ಮಾಡಿ, ಅದರ ಮುಖ್ಯಸ್ಥರೂ ಆದರು. ಆದರೆ ಸಿಲೋನಿನ ಚಿಂತೆ ಬಿಟ್ಟಿರಲಿಲ್ಲ. 1686ರಲ್ಲಿ ಪದವಿಯನ್ನು ಬಿಟ್ಟು ಹೊರಟರು. ಜೊತೆಗೆ ಜುವಾಂವ್ ಎಂಬ ಸೇವಕ. ತಮಿಳು ಸೀಮೆಯ ತೂತುಕುಡಿಯ ತನಕ ಬಂದು, ತಮಿಳು ಕಲಿಯತೊಡಗಿ, ನಿಲುವಂಗಿ ಕಳಚಿ ಕೂಲಿಯಾಳಿನ ವೇಷ ತೊಟ್ಟರು. ಸೊಂಟಕ್ಕೊಂದು ತುಂಡು ಬಟ್ಟೆ, ಬರಿಗಾಲು. ಬರಿಗಾಲಂತೂ ಅವರಿಗೆ ಹೊಸದಲ್ಲ. 1687ರಲ್ಲಿ ಹಡಗಿನಲ್ಲಿ ಸಮುದ್ರ ದಾಟಿದರು. ಗಾಳಿ ಪ್ರತಿಕೂಲವಾಗಿ ಪ್ರಯಾಣ ಉದ್ದವಾಯಿತು, ಅನ್ನನೀರಿಗೂ ಕಷ್ಟವಾಯಿತು. ಜಾಫ್ನ ಮುಟ್ಟುವಾಗ ವಾಜರಿಗೆ ಕಠಿಣ ಆಮಶಂಕೆ ಹಿಡಿದಿತ್ತು.

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಗುರುವಿನ ಸ್ಥಿತಿಯನ್ನು ಯೋಚಿಸಿ ನೋಡಿ. ಆರು ವರ್ಷ ಕಾದು, ಪದವಿ ಬಿಟ್ಟು, ಊರು ಬಿಟ್ಟು, ಸಮುದ್ರ ದಾಟಿ ಬಂದದ್ದಾಯಿತು. ಬಂದ ಕೆಲಸ ಇನ್ನೂ ಶುರುವೇ ಆಗಿಲ್ಲ. ಒಂದು ಬಲಿಪೂಜೆ ಅರ್ಪಿಸಿಲ್ಲ, ಒಬ್ಬರ ಪಾಪನಿವೇದನೆ ಕೇಳಿಲ್ಲ. ತಾನು ಯಾರೆಂದು ಹೇಳಿಕೊಳ್ಳುವ ಹಾಗಿಲ್ಲ, ಹೇಳಿದರೆ ಆಶ್ರಯ ಕೊಟ್ಟವರ ತಲೆ ಹೋಗುತ್ತದೆ. ಎದ್ದು ನಿಲ್ಲಲು ತ್ರಾಣವಿಲ್ಲ. ರೋಗ ತಮಗೂ ತಗಲೀತೆಂದು ಜನ ಹೆದರಿದರು. ಊರ ಹೊರಗೆ ಕಾಡಿನಂಚಿನ ಗುಡಿಸಲೊಂದರಲ್ಲಿ ಇಬ್ಬರೂ ಬಿದ್ದುಕೊಂಡರು. ಆರೈಕೆ ಮಾಡುತ್ತಿದ್ದ ಜುವಾಂವ್‌ಗೂ ಕಾಯಿಲೆ ಹತ್ತಿತು. ಅಷ್ಟಕ್ಕೆ ಎಲ್ಲ ಮುಗಿಯುವುದರಲ್ಲಿತ್ತು. ಮುಗಿದಿದ್ದರೆ ಆ ಕಾಡಿನಂಚಿನಲ್ಲಿ ಇಬ್ಬರು ಪರದೇಶಿ ಭಿಕ್ಷುಕರು ಸತ್ತರೆಂದು ಯಾರೋ ಮಣ್ಣು ಮಾಡುತ್ತಿದ್ದರು, ಗೋವೆಗೆ ಸುದ್ದಿ ಕೂಡ ಹೋಗುತ್ತಿರಲಿಲ್ಲ.

ಆಗ ಒಬ್ಬ ಹೆಂಗಸು ದಿನವೂ ಅವರಿಗೆ ಗಂಜಿ ತಂದುಕೊಟ್ಟಳು ಎಂದು ವಾಜರ ಚರಿತ್ರೆ ಬರೆದವರು ಹೇಳುತ್ತಾರೆ. ಅಷ್ಟೇ. ಅವಳ ಹೆಸರು ಬರೆದಿಲ್ಲ. ಅವಳ ಕಣ್ಣಿಗೆ ಕಂಡದ್ದು ಸಂತರಲ್ಲ, ನಾತ ಹೊಡೆಯುವ ಇಬ್ಬರು ರೋಗಿಗಳು. ಆಮಶಂಕೆಯ ರೋಗಿಯ ಬಳಿ ಹೋಗುವುದೆಂದರೆ ಏನೆಂದು ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡ ನಮ್ಮ ತಾಯಂದಿರಿಗೆ ಗೊತ್ತು. ತನ್ನ ಮನೆಯ ಅಕ್ಕಿಯಿಂದ ಒಂದು ಮುಷ್ಟಿ ಹೆಚ್ಚು ಹಾಕಿ, ಬೇಯಿಸಿ, ಹೊತ್ತು ತಂದು, ಕುಡಿಸಿ, ಮರುದಿನ ಪುನಃ ಬಂದಳು. ಒಂದು ದಿನ ತಂದುಕೊಡುವುದು ಸುಲಭ. ಮರುದಿನ ಪುನಃ ಬರುವುದಿದೆ ನೋಡಿ, ಅದು ಕಷ್ಟ.

ಇಬ್ಬರೂ ಬದುಕಿಕೊಂಡರು. ಎದ್ದು ಓಡಾಡುವ ಶಕ್ತಿ ಬಂದ ಮೇಲೆ ವಾಜರು ಕೊರಳಿಗೆ ಎಲ್ಲರಿಗೂ ಕಾಣುವ ಹಾಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಬಾಯಿಬಿಟ್ಟು ಏನನ್ನೂ ಹೇಳುವ ಹಾಗಿರಲಿಲ್ಲ. ಆದ್ದರಿಂದ ಜಪಸರವನ್ನು ಕಂಡು ಯಾರ ಕಣ್ಣು ಅರಳುತ್ತದೆ, ಯಾರ ಮುಖ ಬಿಗಿಯುತ್ತದೆ ಎಂದು ನೋಡುತ್ತಾ ನಡೆದರು. ಹೀಗೆ ಮುಖ ಓದಿ ಓದಿ ಒಂದೊಂದೇ ಕಥೋಲಿಕ ಮನೆಯನ್ನು ಗುರುತಿಸಿದರು. ಕೊನೆಗೆ ಒಂದು ಮನೆಯವರಿಗೆ ತಾನು ಗುರು ಎಂದು ತಿಳಿಸಿದಾಗ ಅವರಿಗೆ ಹೇಗಾಗಿರಬೇಕು, ನೀವೇ ಊಹಿಸಿ. ಮಕ್ಕಳು ಮೊಮ್ಮಕ್ಕಳು ಗುರುಗಳನ್ನು ಕಂಡೇ ಇರಲಿಲ್ಲ. ಆದರೂ ಮೂವತ್ತು ವರ್ಷ ಆ ಜಪಸರದ ಗುರುತು ಅಳಿದಿರಲಿಲ್ಲ. ಅದನ್ನು ಉಳಿಸಿದವರು ಯಾರು? ಕದ ಮುಚ್ಚಿ, ದೀಪ ತಗ್ಗಿಸಿ, ಮಕ್ಕಳ ಕಿವಿಗೆ ನಮೋ ಮರಿಯಾ ಹೇಳಿಕೊಟ್ಟ ಅಜ್ಜಿಯಂದಿರು ತಾಯಂದಿರು. ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಟಿ.ವಿ.ಯ ಮುಂದೆ ಸೋತು, ಈಗ ಮೊಬೈಲಿನ ಮುಂದೆ ಇನ್ನಷ್ಟು ಸೋತಿರುವುದನ್ನು ನಾನು ಹೇಳದಿದ್ದರೂ ನಿಮಗೆ ಗೊತ್ತಿದೆ.

ರಾತ್ರಿ ಹೊತ್ತಿನಲ್ಲಿ ಗುಟ್ಟಾಗಿ ಪೂಜೆಗಳು ನಡೆದವು. ಜಾಫ್ನ ಸೀಮೆಯ ಸಿಲ್ಲಾಲೈ ಎಂಬ ಹಳ್ಳಿಯ ಜನ ಅವರನ್ನು ಜೋಪಾನ ಮಾಡಿದರು. ಒಂದು ಕ್ರಿಸ್ಮಸ್ ಸಮಯದಲ್ಲಿ ಡಚ್ಚರು ದಾಳಿಮಾಡಿ ಅನೇಕರನ್ನು ಹಿಡಿದರು, ಕೆಲವರು ಸೆರೆಯಲ್ಲೇ ಪ್ರಾಣಬಿಟ್ಟರು. ಯಾರೂ ಗುರುಗಳನ್ನು ಹಿಡಿದುಕೊಡಲಿಲ್ಲ. ಬಳಿಕ ವಾಜರು ಡಚ್ಚರ ಕೈಗೆ ಸಿಗದ ಕ್ಯಾಂಡಿ ರಾಜ್ಯದ ಕಡೆ ನಡೆದರು. ಪುತ್ತಲಂ ಮಾರ್ಗವಾಗಿ 1692ರಲ್ಲಿ ರಾಜಧಾನಿ ಮುಟ್ಟಿದರು.

ಮುಟ್ಟುವ ಮೊದಲೇ ಒಂದು ಮಾತು ಅವರಿಗಿಂತ ಮುಂದೆ ಹೋಗಿ ಅರಮನೆಯನ್ನು ಸೇರಿತ್ತು. ಅಲ್ಲಿ ರಾಜನ ಬಳಿ ಕಲ್ವಿನ್ ಪಂಥದ ಫ್ರೆಂಚ್ ಮನುಷ್ಯನೊಬ್ಬನಿದ್ದ. ಬರುತ್ತಿರುವವನು ಪೋರ್ಚುಗೀಸರ ಗೂಢಚಾರ ಎಂದು ಅವನು ದೂರು ಹೇಳಿದ. ಅಷ್ಟು ಸಾಕಾಯಿತು. ರಾಜ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಹಿಡಿಸಿ ಸೆರೆಯಲ್ಲಿಟ್ಟ. ಒಂದು ಮಾತು ಆಡಲು ಎಷ್ಟು ಹೊತ್ತು ಬೇಕು? ಅದನ್ನು ತೊಳೆಯಲು ವರ್ಷಗಳೇ ಬೇಕಾದವು. ಒಬ್ಬ ಹುಡುಗಿಯ ಬಗ್ಗೆ ಚಾಡಿ ಹೇಳಿ ಸಂಬಂಧ ಮುರಿದವರು, ಒಬ್ಬ ಕೆಲಸದವನ ಮೇಲೆ ಕಳ್ಳತನದ ಅನುಮಾನ ಹರಡಿದವರು ನಮ್ಮ ನಡುವೆಯೂ ಇದ್ದಾರೆ. ಪಾಪನಿವೇದನೆಗೆ ಹೋದಾಗ ಅದನ್ನು ಹೇಳುತ್ತಾರೋ ಇಲ್ಲವೋ ದೇವರೇ ಬಲ್ಲ. ಹೇಳಿದರೂ, ಆ ಮಾತು ಎಷ್ಟು ಮನೆ ಹೊಕ್ಕಿದೆಯೋ ಅಷ್ಟು ಮನೆಯಿಂದ ಹಿಂದಕ್ಕೆ ತರುವುದು ಹೇಗೆ?

ವಾಜರು ಆ ಫ್ರೆಂಚನ ಮೇಲೆ ಹಗೆ ಸಾಧಿಸಲಿಲ್ಲ. ಸೆರೆಯಲ್ಲಿ ಕುಳಿತು ಸಿಂಹಳ ಭಾಷೆ ಕಲಿತರು. ಕಾವಲು ಸ್ವಲ್ಪ ಸಡಿಲಾದ ಮೇಲೆ ಅಲ್ಲೇ ಒಂದು ಸಣ್ಣ ಚಪ್ಪರ ಹಾಕಿ ಪೂಜೆ ಅರ್ಪಿಸತೊಡಗಿದರು. ಮುಂದೆ ಬರಗಾಲ ಬಂದು, ಅವರು ಬಯಲಿನಲ್ಲಿ ಪೀಠ ಕಟ್ಟಿಸಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ, ಅವರೂ ಪೀಠವೂ ಒದ್ದೆಯಾಗಲಿಲ್ಲವೆಂದೂ ಪ್ರಸಿದ್ಧವಾದ ಕಥೆ. ಆ ಮೇಲೆ ರಾಜ ಅವರಿಗೆ ರಾಜ್ಯದಲ್ಲಿ ತಿರುಗಾಡಲು ಅಪ್ಪಣೆ ಕೊಟ್ಟ.

ಮಳೆಗಿಂತ ನನಗೆ ಹತ್ತಿರವಾದದ್ದು 1697ರ ಸಿಡುಬಿನ ವರ್ಷ. ಆ ವರ್ಷ ಗೋವೆಯಿಂದ ಸಹಾಯಕ್ಕೆ ಗುರುಗಳು ಬಂದಿದ್ದರು, ಅವರಲ್ಲೊಬ್ಬರು ವಾಜರ ಸೋದರಳಿಯ ಜೋಸೆಫ್ ಕಾರ್ವಾಲ್ಯೊ. ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ಮನೆಯವರೇ ರೋಗಿಗಳನ್ನು ಕಾಡಿಗೆ ಒಯ್ದು ಬಿಟ್ಟು ಬರುತ್ತಿದ್ದರು. ಇದ್ದವರು ಊರು ಬಿಟ್ಟು ಓಡಿದರು. ಈ ಇಬ್ಬರು ಮಾತ್ರ ಉಳಿದು, ಕಾಡಿನಲ್ಲಿ ಬಿಟ್ಟವರಿಗೆ ಗುಡಿಸಲು ಕಟ್ಟಿಸಿದರು. ಗಾಯ ತೊಳೆದರು, ಉಣ್ಣಿಸಿದರು, ಸತ್ತವರಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ಕ್ರೈಸ್ತ ಯಾರು, ಬೌದ್ಧ ಯಾರು ಎಂದು ಕೇಳಲಿಲ್ಲ. ಈ ಗುರುಗಳು ಇಲ್ಲದಿದ್ದರೆ ಬೀದಿಗಳಲ್ಲಿ ಹೆಣಗಳು ತುಂಬುತ್ತಿದ್ದವೆಂದು ಬೌದ್ಧನಾದ ರಾಜನೇ ಒಪ್ಪಿಕೊಂಡನೆಂದು ಹೇಳುತ್ತಾರೆ.

ಕಾಡಿನಂಚಿನ ಗುಡಿಸಲು, ಜನ ಹತ್ತಿರ ಬರಲು ಹೆದರುವ ರೋಗ, ಕೈಯಲ್ಲಿ ಒಂದು ಪಾತ್ರೆ. ಹತ್ತು ವರ್ಷದ ಹಿಂದೆ ಜಾಫ್ನದಲ್ಲಿ ಅವರು ಮಲಗಿದ್ದು ಇಂತಹದೇ ಗುಡಿಸಲಿನಲ್ಲಿ. ಸಿಡುಬಿನ ರೋಗಿಯೊಬ್ಬನ ಬಾಯಿಗೆ ಗಂಜಿ ಹಾಕುವಾಗ ಆ ಹೆಂಗಸಿನ ನೆನಪು ಬಂದಿತ್ತೆಂದು ಯಾರೂ ಬರೆದಿಟ್ಟಿಲ್ಲ. ಬಾರದೆ ಇದ್ದೀತೇ ಎಂದು ನಾನು ನಿಮ್ಮನ್ನು ಕೇಳುತ್ತೇನೆ. 2020ರಲ್ಲಿ ಕೊರೋನಾ ಬಂದಾಗ ನಮ್ಮ ಜಿಲ್ಲೆಯಲ್ಲೂ ಸತ್ತವರ ಅಂತ್ಯಸಂಸ್ಕಾರಕ್ಕೆ ಅಡ್ಡಿಮಾಡಿದ ಜನರಿದ್ದರು. ಅದೇ ದಿನಗಳಲ್ಲಿ ಕ್ವಾರಂಟೈನಿನಲ್ಲಿದ್ದ ನೆರೆಮನೆಯ ಗೇಟಿನ ಮೇಲೆ ಊಟದ ಕಟ್ಟು ಇಟ್ಟು ಹೋದವರೂ ಇದ್ದರು. ಆ ಮನೆಯ ಮಕ್ಕಳನ್ನು ಈಗ ಕೇಳಿ ನೋಡಿ, ಯಾರು ಇಟ್ಟರು, ಏನು ಪಲ್ಯ ಇತ್ತು ಎಂದು ಅವರು ಹೇಳಿಯಾರು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ವಾಜರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವ ಪ್ರಸ್ತಾಪ ಬಂತು, ಒಲ್ಲೆ ಎಂದರು. ಗೋವೆಯಿಂದ ಇನ್ನೂ ಗುರುಗಳು ಬಂದರು. ಅವರಲ್ಲಿ 1705ರಲ್ಲಿ ಬಂದ ಜಾಕೊಮ್ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಪುಸ್ತಕಗಳನ್ನು ಬರೆದು ಅಲ್ಲಿನ ಕ್ರೈಸ್ತ ಸಾಹಿತ್ಯಕ್ಕೆ ತಳಪಾಯ ಹಾಕಿದರು. ವಾಜರು ಊರೂರು ನಡೆದು ದೇಹ ಸವೆಸಿಕೊಂಡು, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಸಿಲೋನಿಗೆ ಬಂದ ಮೇಲೆ ಅವರು ಗೋವೆಗೆ ಒಮ್ಮೆಯೂ ಹಿಂದಿರುಗಿರಲಿಲ್ಲ. ಒಬ್ಬ ಗುರುವೂ ಇಲ್ಲದಿದ್ದ ಆ ದ್ವೀಪದಲ್ಲಿ ಅವರು ಸಾಯುವಾಗ ಸುಮಾರು 70,000 ಕಥೋಲಿಕರಿದ್ದರೆಂದು ಚರಿತ್ರೆಕಾರರ ಅಂದಾಜು.

1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಪೋಪ್ ಫ್ರಾನ್ಸಿಸರು ಸಂತ ಪದವಿಗೇರಿಸಿದರು. ಸಮುದ್ರ ದಂಡೆಯ ಆ ಬಯಲಿನಲ್ಲಿ ಅಂದು ಲಕ್ಷಾಂತರ ಜನ ಸೇರಿದ್ದರು. ಸಿಂಹಳರು, ತಮಿಳರು, ಒಳಯುದ್ಧದಲ್ಲಿ ಒಬ್ಬರಿಂದೊಬ್ಬರು ನೊಂದವರು, ಒಂದೇ ಪೀಠದ ಮುಂದೆ ನಿಂತರು. ವಾಜರ ಸಮಾಧಿ ಕ್ಯಾಂಡಿಯಲ್ಲಿ ಎಲ್ಲಿತ್ತೆಂಬ ಗುರುತು ಇಂದು ಉಳಿದಿಲ್ಲ. ಜಾಫ್ನದ ಆ ಹೆಂಗಸಿನ ಸಮಾಧಿಯ ಮಾತಂತೂ ಬೇಡ. ಮುಡಿಪುವಿಗೆ ಮುಂದಿನ ಸಲ ಹೋದಾಗ ಸಂತ ಜೋಸೆಫ್ ವಾಜರ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚುತ್ತೀರಲ್ಲ, ಅದರ ಪಕ್ಕದಲ್ಲಿ ಅವಳ ಲೆಕ್ಕಕ್ಕೂ ಒಂದನ್ನು ಹಚ್ಚಿ ಬನ್ನಿ.